ಮೂವತ್ತಾರು ಮಕ್ಕಳು ಕಾಣದ ವರದಿ

ಗುರುವಾರ ಏಳನೇ ತರಗತಿಯಲ್ಲಿ ಮೂವತ್ತಾರು ಮಕ್ಕಳು ಹಾಜರಿದ್ದರು. ಅರ್ಜುನ ಬರೆದ ವರದಿಯನ್ನು ನಂಬುವುದಾದರೆ, ಒಬ್ಬರೂ ಇರಲಿಲ್ಲ.

ಶುಕ್ರವಾರ ಹೆಡ್‌ಮಿಸ್ಟ್ರೆಸ್ ಭಾಗೀರಥಿಬಾಯಿ ಆ ಹಾಳೆಯನ್ನು ಎರಡು ಸಲ ಓದಿದರು. ಆಮೇಲೆ ಕನ್ನಡಕ ತೆಗೆದಿಟ್ಟು, ಎದುರಿಗೆ ನಿಂತಿದ್ದ ಗಣಿತದ ಮಾಸ್ತರ ಅರ್ಜುನನನ್ನೇ ಓದತೊಡಗಿದರು.

"ಕೂಡ್ರಿ ಸರ. ಈ ಫಾರ್ಮಿನ್ಯಾಗ ಎಷ್ಟು ಕಾಲಂ ಅವ?"

"ಎರಡು ರೀ ಬಾಯಾರ."

"ಒಂದು, ಟೀಚರು ಏನು ಮಾಡಿದ್ರು. ಇನ್ನೊಂದು, ಮಕ್ಕಳು ಏನು ಮಾಡಿದ್ರು. ಮಕ್ಕಳ ಕಾಲಂ ಖಾಲಿ ಅದ. ಟೀಚರ ಕಾಲಂ ತುಂಬಿ, ಹಾಳಿ ಹಿಂದಕ್ಕೂ ಹೋಗೇದ." ಅವರು ಗಟ್ಟಿಯಾಗಿ ಓದಿದರು. "ಹತ್ತು ಹನ್ನೆರಡಕ್ಕೆ ಟೀಚರ್ ಸೀಮೆಸುಣ್ಣ ಮೆತ್ತಿದ ಕೈಯಿಂದಲೇ ಕೂದಲನ್ನು ಹಿಂದೆ ಸರಿಸಿದರು, ಕಿವಿ ಬೆಳ್ಳಗಾಯಿತು. ಹತ್ತು ಹದಿನೆಂಟಕ್ಕೆ ನಕ್ಕರು. ಹತ್ತು ಹತ್ತೊಂಬತ್ತಕ್ಕೆ ನಗುವುದನ್ನು ನಿಲ್ಲಿಸಿದರು." ಅವರು ತಲೆ ಎತ್ತಿದರು. "ನಿಲ್ಲಿಸಿದ್ದಕ್ಕ ಭಾಳ ಬ್ಯಾಸರಾತೇನ್ರಿ?"

ಅರ್ಜುನ ಹೌದೆಂದು ತಲೆ ಆಡಿಸಿದ. ಸುಳ್ಳು ಹೇಳುವ ಅಭ್ಯಾಸ ಅವನಿಗಿರಲಿಲ್ಲ.

ಸವದತ್ತಿಯ ಮುನವಳ್ಳಿ ರಸ್ತೆಯಲ್ಲಿರುವ ಆ ಪುಟ್ಟ ಖಾಸಗಿ ಶಾಲೆಯಲ್ಲಿ ಇರುವುದೇ ಆರು, ಏಳು, ಎಂಟನೇ ತರಗತಿಗಳು. ಒಬ್ಬರ ಪಾಠದಲ್ಲಿ ಇನ್ನೊಬ್ಬರು ಕೂತು ವರದಿ ಬರೆಯಬೇಕೆಂಬುದು ಭಾಗೀರಥಿಬಾಯಿ ಈ ವರ್ಷ ತಂದ ಪದ್ಧತಿ. ವಿಜ್ಞಾನದ ಪ್ರಜ್ಞಾ ಟೀಚರ್ ಸೇರಿ ಒಂದು ವರ್ಷ ಆಗುತ್ತ ಬಂದಿತ್ತು. ಅವಳನ್ನು ಕಾಯಂ ಮಾಡುವುದೋ ಬೇಡವೋ ಎಂದು ಶನಿವಾರ ಕಮಿಟಿ ತೀರ್ಮಾನಿಸಬೇಕಿತ್ತು. ಬೆಳಗಾವಿಯ ಶಾಲೆಯೊಂದು ಸೋಮವಾರವೇ ಬಂದು ಸೇರಿಕೊಳ್ಳಿ ಎಂದು ಅವಳಿಗೆ ಪತ್ರ ಬರೆದಿತ್ತು. ಇಲ್ಲಿ ಆಗದಿದ್ದರೆ ಅವಳು ಅಲ್ಲಿಗೆ ಹೊರಟಳು ಎಂದೇ ಸ್ಟಾಫ್‌ರೂಮಿನ ಲೆಕ್ಕ.

ಅರ್ಜುನ ಅವಳನ್ನು ಜೂನ್ ತಿಂಗಳಿಂದ ಪ್ರೀತಿಸುತ್ತಿದ್ದ. ಇಷ್ಟು ದಿನಗಳಲ್ಲಿ ಅವಳೊಂದಿಗೆ ಅವನು ಆಡಿದ ಮಾತೆಲ್ಲ ಡಸ್ಟರ್ ಮತ್ತು ಟೈಮ್‌ಟೇಬಲ್ ಕುರಿತದ್ದು.

"ಈ ಕಾಗದ ಕಮಿಟಿ ಮುಂದ ಇಟ್ಟರ, ಆಕಿ ಪಾಠ ಹೆಂಗ ಮಾಡತಾಳ ಅನ್ನೂದು ಒಬ್ಬರಿಗೂ ತಿಳಿಯೂದಿಲ್ಲ," ಎಂದರು ಭಾಗೀರಥಿಬಾಯಿ. "ನಿಮಗೇನಾಗೇದ ಅನ್ನೂದು ಮಾತ್ರ ಎಲ್ಲಾರಿಗೂ ತಿಳೀತದ. ನಾಳೆ ಎರಡನೇ ಪೀರಿಯಡ್ ಮತ್ತ ಕೂಡ್ರಿ. ಹನ್ನೊಂದಕ್ಕ ಕಮಿಟಿ. ಈ ಸಲ ಮಕ್ಕಳನ್ನ ನೋಡ್ರಿ."

ಹೊರಗೆ ಬಂದರೆ ಹಾಜರಿ ಪುಸ್ತಕ ಹಿಡಿದು ಪ್ರಜ್ಞಾಳೇ ನಿಂತಿದ್ದಳು.

"ನನ್ನ ವರದಿ ವಾಪಸ್ ಬಂತಂತ. ಅಷ್ಟು ಕೆಟ್ಟ ಕಲಿಸಿದ್ನೇನ್ರಿ ಸರ?"

"ಇಲ್ರಿ. ತಪ್ಪು ನಂದು. ಮಕ್ಕಳು ಕಾಣಲಿಲ್ಲ."

"ನೀವು ಕಡೀ ಬೆಂಚಿನ್ಯಾಗ ಕುಂತಿದ್ರಿ. ನಾ ಬೋರ್ಡಿನ ಹತ್ರ ಇದ್ದೆ. ನಡುವ ಮೂವತ್ತಾರು ಮಂದಿ ಇದ್ರಲ್ರಿ?"

ಅರ್ಜುನ ಅವಳ ಕೈಯಲ್ಲಿದ್ದ ಪುಸ್ತಕದ ರಟ್ಟನ್ನು ನೋಡಿದ. ಅವಳು ಹುಬ್ಬು ಸ್ವಲ್ಪ ಮೇಲೆತ್ತಿ ಅವನನ್ನು ನೋಡಿದಳು. ಉತ್ತರ ಗೊತ್ತಿರುವ ಪ್ರಶ್ನೆಯನ್ನು ಮಕ್ಕಳಿಗೆ ಕೇಳುವಾಗ ಅವಳು ಹಾಗೆಯೇ ನೋಡುತ್ತಿದ್ದಳು. ಅವನು ನೀರು ಕುಡಿಯುವ ನೆಪ ಮಾಡಿ ಪಾರಾದ.

ಶನಿವಾರ ಅವನು ತಾನೇ ಕುರ್ಚಿ ಹೊತ್ತು ತಂದ. ಅದನ್ನು ಬೋರ್ಡಿನ ಪಕ್ಕ, ಮಕ್ಕಳ ಕಡೆ ಮುಖ ಮಾಡಿ ಇಟ್ಟು, ಪ್ರಜ್ಞಾಳಿಗೆ ಬೆನ್ನು ಹಾಕಿ ಕೂತ.

"ಸರ, ನೀವು ಉಲ್ಟಾ ಕುಂತೀರಿ," ಎಂದಿತು ಮುಂದಿನ ಬೆಂಚು.

"ಇವತ್ತ ನಿಮ್ಮನ್ನ ನೋಡಾಂವ ಅದೇನಿ."

ಮೂವತ್ತಾರು ಬೆನ್ನುಗಳು ಒಮ್ಮೆಲೇ ನೆಟ್ಟಗಾದವು.

ಪಾಠ ಲೋಲಕದ್ದು. ದಾರಕ್ಕೆ ಕಲ್ಲು ಕಟ್ಟಿ ತೂಗಿಬಿಟ್ಟು ಎಣಿಸಬೇಕು. ಹಿಂದೆ ಪ್ರಜ್ಞಾಳ ಬಳೆ ಸದ್ದು ಮಾಡುತ್ತಿತ್ತು, ಅವಳು ನಗುತ್ತಿದ್ದಳು. ತನಗೆ ಬೆನ್ನಲ್ಲಿ ಕಣ್ಣಿಲ್ಲವೆಂದು ಅರ್ಜುನನಿಗೆ ಅಂದೇ ಮೊದಲ ಸಲ ಬೇಸರವಾಯಿತು. ಆದರೂ ತಿರುಗಲಿಲ್ಲ. ತಿರುಗಿದರೆ ಅವಳ ನೌಕರಿ ಹೋದಂತೆ.

ಆಗ ರಾಣಿ ಕೈ ಎತ್ತಿದಳು. ಗಣಿತದ ತರಗತಿಯಲ್ಲಿ ಆ ಹುಡುಗಿ ಒಮ್ಮೆಯೂ ಬಾಯಿಬಿಟ್ಟಿರಲಿಲ್ಲ. ಮೂಕಿಯೇನೋ ಎಂದು ಒಂದು ದಿನ ಅವನಿಗೆ ಅನುಮಾನವೂ ಬಂದಿತ್ತು.

"ಟೀಚರ್, ಕಲ್ಲು ದೊಡ್ಡದಾದ್ರ ಲಗೂ ಲಗೂ ತೂಗತೈತೇನ್ರಿ?"

ಪ್ರಜ್ಞಾ ಬೆಂಚಿನ ಹತ್ತಿರ ಬಂದಳು. ದೊಡ್ಡ ಕಲ್ಲೊಂದನ್ನು ಅವಳ ಕೈಗಿಟ್ಟು, "ನೋಡಿ ನನಗ ಹೇಳು," ಎಂದಳು.

ರಾಣಿ ತೂಗಿಬಿಟ್ಟು ತುಟಿಯಲ್ಲೇ ಎಣಿಸಿದಳು. ಮತ್ತೆ ಸಣ್ಣ ಕಲ್ಲು ಕಟ್ಟಿದಳು. ಮತ್ತೆ ದೊಡ್ಡದು.

"ಎರಡೂ ಒಂದ ಸಮ ತೂಗತಾವ್ರಿ ಟೀಚರ್," ಎಂದಳು. ಆ ಮುಖದಲ್ಲಿ ಮೂಡಿದ ಬೆಳಕನ್ನು ಅರ್ಜುನ ಎದುರಿಗೇ ಕೂತು ಕಂಡ. ಇಷ್ಟು ದಿನ ತಾನು ಪ್ರೀತಿಸಿದ್ದು ಒಂದು ಕಿವಿಯನ್ನು, ಒಂದು ನಗುವನ್ನು ಮಾತ್ರ ಎಂದು ಅವನಿಗೆ ನಾಚಿಕೆಯಾಯಿತು. ಪ್ರಜ್ಞಾ ನಿಜಕ್ಕೂ ಯಾರೆಂಬುದು ಈ ಮಕ್ಕಳಿಗೆ ತನಗಿಂತ ಮೊದಲೇ ಗೊತ್ತಿತ್ತು. ಪ್ರೀತಿ ಕಡಿಮೆಯಾಗುವ ಬದಲು ಇನ್ನಷ್ಟು ಹೆಚ್ಚಿತು. ಅವನು ತಲೆ ಬಗ್ಗಿಸಿ ಬರೆದ. ಮಕ್ಕಳ ಕಾಲಂ ತುಂಬಿತು.

ಹನ್ನೆರಡೂವರೆಗೆ ಮಕ್ಕಳೆಲ್ಲ ಮನೆಗೆ ಹೋಗಿದ್ದರು. ಸ್ಟಾಫ್‌ರೂಮಿನಲ್ಲಿ ಒಬ್ಬನೇ ಕೂತಿದ್ದ ಅರ್ಜುನನ ಮುಂದೆ ಪ್ರಜ್ಞಾ ಬಂದು ನಿಂತಳು.

"ಕಾಯಂ ಆತ್ರಿ. ಬಾಯಾರು ಎರಡೂ ವರದಿ ನನ್ನ ಕೈಗೆ ಕೊಟ್ರು."

"ಎರಡೂ?"

"ಎರಡೂ. ರಾಣಿ ಬಗ್ಗೆ ನೀವು ಬರದದ್ದು ಓದಿ ಕಣ್ಣಾಗ ನೀರು ಬಂತು. ಆದ್ರ ಅದ್ರಾಗ ನಾನ ಇಲ್ಲ. ಅದಕ್ಕ ಮೊದಲನೇದನ್ನ ತಿದ್ದೇನಿ."

ಅವಳು ಹಾಳೆಯನ್ನು ಮೇಜಿನ ಮೇಲಿಟ್ಟಳು. ತುಂಬಾ ಕೆಂಪು ಶಾಯಿ. ಕಿವಿಯ ಸಾಲಿನ ಪಕ್ಕ 'ಎಡವೋ ಬಲವೋ, ಸ್ಪಷ್ಟವಾಗಿ ಬರೆಯಿರಿ' ಎಂದಿತ್ತು. ಕೊನೆಯಲ್ಲಿ 'ವೀಕ್ಷಣೆ ಉತ್ತಮ. ತೀರ್ಮಾನ ಬರೆದಿಲ್ಲ' ಎಂದಿತ್ತು.

"ವಿಜ್ಞಾನದಾಗ ಹಿಂಗ ನಡಿಯೂದಿಲ್ರಿ ಸರ. ನೋಡಿದ್ದೆಲ್ಲಾ ಬರದು ತೀರ್ಮಾನ ಬಿಟ್ಟರ ನಾ ಪಾಸ್ ಮಾಡೂದಿಲ್ಲ."

"ಬರದು ಕೊಡ್ಲ್ಯಾ?"

"ಓರಲ್ ಆದ್ರೂ ನಡೀತೈತಿ."

ಅರ್ಜುನ ಎದ್ದು ನಿಂತ. "ನೀವಂದ್ರ ನನಗ ಜೀವ ರೀ. ನೀವು ಬೆಳಗಾವಿಗೆ ಹೊಂಟೀರಿ ಅಂತ ಕೇಳಿ ಊಟಾ ಸೇರಿರಲಿಲ್ಲ. ನಿಮ್ಮನ್ನ ಮದವಿ ಆಗಬೇಕಂತ ಅದೇನಿ."

ಪ್ರಜ್ಞಾ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಪರ್ಸಿನಲ್ಲಿಟ್ಟುಕೊಂಡಳು. ಮುಖ ಗಂಭೀರವಾಗಿಯೇ ಇತ್ತು, ಕೈ ಮಾತ್ರ ಪರ್ಸಿನ ಜಿಪ್ಪನ್ನು ಮೂರು ಸಲ ಹಾಕಿ ತೆಗೆಯಿತು.

"ನಾಳೆ ಐತವಾರ. ನವಿಲುತೀರ್ಥಕ್ಕ ನಮ್ಮ ಮನಿಗೆ ಊಟಕ್ಕ ಬರ್ರಿ. ಅಪ್ಪ ಡ್ಯಾಮಿನ ಗೇಟ್ ನೋಡಕೊಳ್ಳಾಂವ. ಯಾರನ್ನೂ ಲಗೂ ಬಿಡೂದಿಲ್ಲ. ತಯಾರಾಗಿ ಬರ್ರಿ."

"ಅಪ್ಪ ಇರಲಿ. ನೀವು ಏನಂತೀರಿ ಅಂತ ಹೇಳಲಿಲ್ಲಲ್ರಿ?"

ಅವಳು ಬಾಗಿಲಲ್ಲಿ ನಿಂತು ತಿರುಗಿದಳು.

"ಬೆಳಗಾವಿ ಶಾಲಿಗೆ ಬರೂದಿಲ್ಲಂತ ಬುಧವಾರನ ತಿಳಿಸೇನಿ."

ಅರ್ಜುನ ಲೆಕ್ಕ ಹಾಕಿದ. ಬುಧವಾರ ಎಂದರೆ ಮೊದಲ ವರದಿಗಿಂತಲೂ ಹಿಂದಿನ ದಿನ. "ಇಲ್ಲಿ ಕಮಿಟಿ ಬ್ಯಾಡ ಅಂದಿದ್ರ ಏನ ಮಾಡತಿದ್ರಿ?"

"ಮನ್ಯಾಗ ಕೂಡತಿದ್ದೆ," ಎಂದಳು ಪ್ರಜ್ಞಾ. "ನಿಮಗ ಮಾತು ಬರೂ ತನಕಾ ಯಾರರ ಇಲ್ಲೇ ಕಾಯಬೇಕಿತ್ತಲ್ರಿ ಸರ."