ಬಾಗಿಲಗುಡ್ಡದ ಹೆಜ್ಜೇನು

ಸವಣೂರಿನಿಂದ ಹಿರೇಕೆರೂರಿಗೆ ಗುಡ್ಡದ ಮೇಲಿಂದ ಸೈಕಲ್ಲಿನಲ್ಲೇ ಹೋಗಿ ಬರುವುದೆಂದು ಮೂವರೂ ಗೊತ್ತುಮಾಡಿದ್ದರು. ಮೋಟಾರು ರಸ್ತೆ ಬೇಡವೇ ಬೇಡ. ಅಲ್ಲಿ ಒಂದು ಬಸ್ಸು ದಾಟಿಹೋದರೆ ಮೈಲಿಗಟ್ಟಲೆ ಧೂಳು ಕುಡಿಯಬೇಕು. ಹಿಂದೆ ಮೂವರಲ್ಲಿ ಒಬ್ಬನಾದ ಹಯಾತನ ಅಜ್ಜ ಹೇರೆತ್ತುಗಳ ಮೇಲೆ ವೀಳ್ಯದೆಲೆ ಹೊರಿಸಿಕೊಂಡು ಬಾಗಿಲಗುಡ್ಡ ದಾಟುತ್ತಿದ್ದ. ಆ ಕಲ್ಲುದಾರಿ ಕಾಡಿನಲ್ಲಿ ಮುಚ್ಚಿಹೋಗಿದೆ ಎಂದು ಎಲ್ಲರೂ ಹೇಳುತ್ತಿದ್ದರು. ಹೋಗಿ ನೋಡಿದವರು ಮಾತ್ರ ಒಬ್ಬರೂ ಇರಲಿಲ್ಲ.

೧೯೩೬ರ ಸಂಕ್ರಾಂತಿ ಕಳೆದಿತ್ತು. ಹಯಾತ ಸವಣೂರಿನ ಪೇಟೆಯಲ್ಲಿ ಸೈಕಲ್ ರಿಪೇರಿ ಅಂಗಡಿ ಇಟ್ಟವನು. ವಕೀಲರ ಕಡೆ ಕಾರಕೂನನಾಗಿದ್ದ ವಾದಿರಾಜ ಅವನ ಶಾಲೆಯ ಗೆಳೆಯ. ವಾದಿರಾಜನ ಅಕ್ಕ ಮನೋರಮಾ ಹೆಣ್ಣುಮಕ್ಕಳ ಶಾಲೆಯ ಅಕ್ಕೋರು. ಧಾರವಾಡದಲ್ಲಿ ಓದುವಾಗಲೇ ಸೈಕಲ್ ಕಲಿತಿದ್ದಳು. ಹೊರಟ ದಿನ ಅವಳು ಪೆಡಲು ತುಳಿಯುವುದನ್ನು ನೋಡಲು ಬಂಕಾಪುರದಲ್ಲಿ ಮಂದಿ ಅಂಗಡಿ ಬಿಟ್ಟು ಹೊರಗೆ ಬಂದರು. ಹಾನಗಲ್ಲಿನಲ್ಲಿ ವಸ್ತಿ ಮಾಡಿ, ಮರುದಿನ ಆಡೂರು ದಾಟಿ, ಮೊಣಕಾಲುದ್ದ ನೀರಿದ್ದ ವರದಾ ಹೊಳೆಯಲ್ಲಿ ಸೈಕಲ್ಲುಗಳನ್ನು ಹೆಗಲ ಮೇಲೆ ಹೊತ್ತು ನಡೆದರು. ಆಚೆ ದಂಡೆಯಲ್ಲಿ ಮುಳ್ಳುಕಂಟಿ ಸರಿಸಿದಾಗ ದಾರಿ ಕಂಡಿತು.

ದಾರಿ ಇತ್ತು! ಎತ್ತಿನ ಗೊರಸಿಗೆ ಸವೆದು ನುಣುಪಾದ ಚಪ್ಪಡಿಗಳು, ಅವುಗಳ ಸಂದಿನಲ್ಲಿ ಒಣಹುಲ್ಲು. ಎರಡೂ ಕಡೆ ತೇಗದ ಮರಗಳು ಎಲೆ ಉದುರಿಸಿ ಬೋಳಾಗಿ ನಿಂತಿದ್ದವು. ಗಾಲಿಯ ಕೆಳಗೆ ತರಗೆಲೆ ಹಪ್ಪಳದಂತೆ ಮುರಿಯುವ ಸಪ್ಪಳ ಬಿಟ್ಟರೆ ಕಾಡಿನಲ್ಲಿ ಬೇರೆ ದನಿಯಿಲ್ಲ. ಮೊದಮೊದಲು ಆ ಮೌನ ಹಿತವಾಗಿತ್ತು. ಏರುತ್ತ ಹೋದಂತೆ, ಯಾಕೋ ಏನೋ, ಮೂವರೂ ಪಿಸುದನಿಯಲ್ಲಿ ಮಾತಾಡತೊಡಗಿದರು. ಒಂದು ಕಡೆ ಚಪ್ಪಡಿಯ ಮೇಲೆ ಉಗುರಿನಿಂದ ಕೆರೆದ ಉದ್ದುದ್ದ ಗೆರೆಗಳಿದ್ದವು. ಹಯಾತ ಅವನ್ನು ನೋಡಿ ಬೇಗಬೇಗ ಸೈಕಲ್ ತಳ್ಳಿದ.

ಹೊತ್ತು ಇಳಿಯತೊಡಗಿದಾಗ ಗುಡ್ಡದ ನೆತ್ತಿಯ ಮೇಲಿನ ಕೋಟೆಬಾಗಿಲು ಸಿಕ್ಕಿತು. ಎರಡು ದೊಡ್ಡ ಬಂಡೆಗಳ ನಡುವೆ ಕಟ್ಟಿದ ಎತ್ತರದ ಕಲ್ಲಿನ ಕಮಾನು. ಅದರ ಹೊಟ್ಟೆಗೆ ಕಪ್ಪು ಕಂಬಳಿ ತೂಗುಹಾಕಿದಂತೆ ಏನೋ ಜೋತಾಡುತ್ತಿತ್ತು. ಒಂದಲ್ಲ, ಸಾಲಾಗಿ ಏಳೆಂಟು. ಆ ಕಂಬಳಿಗಳು ಉಸಿರಾಡುತ್ತಿದ್ದವು.

"ಹೆಜ್ಜೇನು," ಹಯಾತ ಪಿಸುಗುಟ್ಟಿದ. "ಗಂಟಿ ಬಾರಿಸಬ್ಯಾಡ್ರಿ. ಸುಮ್ನ ದಾಟೂಣು."

ಉಸಿರು ಬಿಗಿಹಿಡಿದು ದಾಟಿದರು. ಆಚೆ ಬಂದು ಇಪ್ಪತ್ತು ಮಾರು ನಡೆದಿರಬೇಕು. ಮುಗಿಲಿನಿಂದ ಒಂದು ಹದ್ದು ರೆಕ್ಕೆ ಮಡಚಿಕೊಂಡು ಕಲ್ಲಿನಂತೆ ಬಿತ್ತು. ಒಂದು ಜೇನುಹುಟ್ಟಿಗೆ ಉಗುರು ಹಾಕಿ, ತುಂಡು ಕಿತ್ತುಕೊಂಡು ಹಾರಿಹೋಯಿತು.

ಕಮಾನು ಗುಂಯ್ ಎಂದಿತು. ಹಿಂದೆಯೇ ಬೆಳಕು ಕಪ್ಪಾಯಿತು.

"ಮಲಕೋರಿ! ಕಂಬಳಿ ಹೊದಕೋರಿ!"

ಹಯಾತ ಮನೋರಮಾಳ ರಟ್ಟೆ ಹಿಡಿದು ನೆಲಕ್ಕೆ ಕೆಡವಿ, ಕ್ಯಾರಿಯರಿನ ಕಂಬಳಿ ಎಳೆದು ಇಬ್ಬರ ಮೇಲೂ ಹಾಕಿದ. ವಾದಿರಾಜ ಓಡಿದ. ಓಡಬಾರದಿತ್ತು. ಹುಳುಗಳು ಅವನ ಬೆನ್ನು ಹತ್ತಿದವು. ಅವನ ಚೀರಾಟ ಕೇಳಿಸಿತು, ಬಿದ್ದ ಸದ್ದು ಕೇಳಿಸಿತು, ಆಮೇಲೆ ಬರೀ ಆ ಗುಂಯ್‌ಗುಡುವಿಕೆ.

"ನಮ್ಮ ವಾದೂ!" ಮನೋರಮಾ ಎದ್ದುಬಿಟ್ಟಳು.

"ಹೋಗಬ್ಯಾಡ್ರಿ ಅಕ್ಕಾ, ಸಾಯ್ತೀರಿ!"

ಅವಳು ಕೇಳಲಿಲ್ಲ. ಸೆರಗನ್ನು ಮುಖಕ್ಕೆ ಸುತ್ತಿಕೊಂಡು, ಕಂಬಳಿಯನ್ನು ಮುಂದೆ ಹಿಡಿದು ಓಡಿದಳು. ಹಿಂದೆಯೇ ಹಯಾತ. ಬಿದ್ದಲ್ಲೇ ಒದ್ದಾಡುತ್ತಿದ್ದ ವಾದಿರಾಜನ ಮೇಲೆ ಕಂಬಳಿ ಕವುಚಿ, ಇಬ್ಬರೂ ಅದರೊಳಗೆ ನುಸುಳಿ ಅವನನ್ನು ತಬ್ಬಿ ಬಿದ್ದುಕೊಂಡರು. ಉಣ್ಣೆಯ ಮೇಲೆ ಹುಳುಗಳು ಮಳೆಹನಿಯಂತೆ ಬಡಿಯುತ್ತಿದ್ದವು. ಒಳಗೆ ನುಗ್ಗಿದವನ್ನು ಕೈಯಿಂದಲೇ ಹೊಸಕಿದರು. ಎಷ್ಟು ಹೊತ್ತು ಹಾಗಿದ್ದರೋ. ಸಪ್ಪಳ ನಿಂತು ಕಂಬಳಿ ಸರಿಸಿದಾಗ ಬಿಸಿಲು ಕೆಂಪಗಾಗಿತ್ತು.

ವಾದಿರಾಜನ ಮುಖ ಗುರುತು ಸಿಗದಂತೆ ಬಾತಿತ್ತು. ಕಣ್ಣು ಮುಚ್ಚಿಹೋಗಿದ್ದವು. ಹಯಾತ ಚಾಕುವಿನ ಅಂಚಿನಿಂದ ಅವನ ಕುತ್ತಿಗೆಗೆ ನೆಟ್ಟಿದ್ದ ಕೊಂಡಿಗಳನ್ನು ಕೆರೆಯತೊಡಗಿದ. ಅವನ ಕೈಯೂ ಬಾತಿತ್ತು.

"ಉಸಿರು ಕೇಳು ಹಯಾತ, ಸೀಟಿ ಹೊಡದಂಗ ಬರ್ಲಿಕ್ಕತ್ತದ," ಮನೋರಮಾ ಅಂದಳು. "ದವಾಖಾನೆ ಎಲ್ಲೆದ?"

"ಹಿರೇಕೆರೂರಾಗ. ಹಿಂದಕ್ಕ ಹೋಗಾಕ ಆಗೂದಿಲ್ರಿ, ಬಾಗಿಲದಾಗ ಹುಳ ಅದಾವು. ಮುಂದ ಇಳೀಬೇಕು. ದಾರಿ ಇದ್ರ ಬದುಕ್ತಾನ."

"ಇರದಿದ್ರ?"

ಹಯಾತ ಎದ್ದು ಬಿದಿರಮೆಳೆಯತ್ತ ನಡೆದ. ಒಣಗಿ ಬಿದ್ದ ಎರಡು ಬಿದಿರುಗಳ ಗೆಣ್ಣು ಸವರಿ ತಂದ. ಎರಡು ಸೈಕಲ್ಲುಗಳನ್ನು ಅಕ್ಕಪಕ್ಕ ನಿಲ್ಲಿಸಿ, ಒಂದು ಬಿದಿರನ್ನು ಹ್ಯಾಂಡಲುಗಳಿಗೂ ಇನ್ನೊಂದನ್ನು ಹಿಂದಿನ ಕ್ಯಾರಿಯರುಗಳಿಗೂ ಅಡ್ಡ ಕಟ್ಟಿದರು. ಹಗ್ಗ ಸಾಲದೆ ಮನೋರಮಾ ತನ್ನ ಇನ್ನೊಂದು ಸೀರೆ ಹರಿದಳು. ನಡುವೆ ಕಂಬಳಿ ಬಿಗಿದು ವಾದಿರಾಜನನ್ನು ಅದರ ಮೇಲೆ ಮಲಗಿಸಿದರು. ಅವನ ಸೈಕಲ್ಲನ್ನು ಅಲ್ಲೇ ಬಂಡೆಗೆ ಒರಗಿಸಿ ಬಿಟ್ಟರು.

ಇಳಿಜಾರು ಕಡಿದಾಗಿತ್ತು. ಎಡಕ್ಕೆ ಮನೋರಮಾ, ಬಲಕ್ಕೆ ಹಯಾತ. ಬ್ರೇಕು ಬಿಗಿಹಿಡಿದು ಒಂದೊಂದೇ ಚಪ್ಪಡಿ ಇಳಿಸಿದರು. ಗಾಲಿ ಜಾರಿದಾಗಲೆಲ್ಲ ಕೆಳಗೆ ಕಣಿವೆ ಬಾಯಿ ತೆರೆದು ಕಾಣುತ್ತಿತ್ತು. ಸೀಟಿಯಂಥ ಆ ಉಸಿರು ಒಮ್ಮೊಮ್ಮೆ ನಿಂತುಬಿಡುತ್ತಿತ್ತು. ಆಗ ಇಬ್ಬರೂ ನಿಲ್ಲುತ್ತಿದ್ದರು. ಮತ್ತೆ ಕೇಳಿಸಿದಾಗ ನಡೆಯುತ್ತಿದ್ದರು.

ಮಬ್ಬು ಕವಿಯುವ ಹೊತ್ತಿಗೆ ಒಂದು ತಿರುವಿನಲ್ಲಿ ಹಯಾತ ಗಕ್ಕನೆ ನಿಂತ.

ದಾರಿಯ ನಡುವೆ ಕರಡಿ. ಹುತ್ತಕ್ಕೆ ಮೂತಿ ತೂರಿ ಬುಸುಗುಡುತ್ತ ಗೆದ್ದಲು ಹೀರುತ್ತಿತ್ತು. ಬೆನ್ನ ಮೇಲೆ ಮರಿ.

ಒಂದು ಕಡೆ ಬಂಡೆ, ಇನ್ನೊಂದು ಕಡೆ ಕಣಿವೆ. ಹಿಂದೆ ಸರಿಯಬೇಕೆಂದರೆ ಆ ಭಾರವನ್ನು ಏರಿಗೆ ತಳ್ಳಬೇಕು. ವಾದಿರಾಜ ನರಳಿದ. ಕರಡಿ ಮೂತಿ ಎತ್ತಿತು.

ಹಯಾತ ತನ್ನ ಸೈಕಲ್ಲಿನ ಭಾರವನ್ನೂ ಮನೋರಮಾಳ ಕೈಗೆ ಒಪ್ಪಿಸಿ ಸದ್ದಿಲ್ಲದೆ ಕುಕ್ಕರಗಾಲಲ್ಲಿ ಕುಳಿತ. ಚೀಲದಿಂದ ಹೊಸ ಟ್ಯೂಬು ತೆಗೆದು ಪಂಪು ಸಿಕ್ಕಿಸಿದ. ಅವಳಿಗೆ ಅರ್ಥವಾಗಲಿಲ್ಲ.

"ಏನ್ ಮಾಡ್ಲಿಕ್ಕತ್ತೀ?"

"ನನ್ನ ಹತ್ರ ಬಂದೂಕಿಲ್ರಿ."

ಫುಸ್. ಫುಸ್. ಪ್ರತಿ ಸದ್ದಿಗೂ ಕರಡಿಯ ಕಿವಿ ಅಲುಗಿತು. ಟ್ಯೂಬು ಹಾವಿನಂತೆ ಉಬ್ಬುತ್ತ ಹೋಯಿತು, ತೊಡೆಯಷ್ಟು ದಪ್ಪವಾಯಿತು. ಕರಡಿ ಹಿಂಗಾಲ ಮೇಲೆ ಎದ್ದು ನಿಂತಿತು. ಎದೆಯ ಬಿಳಿ ಗುರುತು ಮಬ್ಬಿನಲ್ಲೂ ಸ್ಪಷ್ಟ ಕಂಡಿತು. ಮನೋರಮಾಳ ತೋಳು ಸೋಲುತ್ತಿದ್ದವು, ಗಾಲಿಗಳು ಇಂಚಿಂಚೇ ಮುಂದೆ ಜಾರುತ್ತಿದ್ದವು. ಫುಸ್. ಫುಸ್. ಕರಡಿ ನಾಲ್ಕೂ ಕಾಲೂರಿ ಗುರುಗುಟ್ಟುತ್ತ ಅವರ ಕಡೆ ನುಗ್ಗಿತು.

ಹಯಾತ ಚಾಕು ಚುಚ್ಚಿದ.

ಢಂ! ಕಣಿವೆಯ ಆಚೆಯಿಂದ ಅದೇ ಸದ್ದು ಮರಳಿ ಬಂತು. ಕರಡಿ ಬೆದರಿ ಒಂದು ಲಾಗ ಹಾಕಿ, ಮರಿಯ ಸಮೇತ ಇಳಿಜಾರಿನ ಪೊದೆಗಳನ್ನು ಮುರಿಯುತ್ತ ಕೆಳಗೆ ಉರುಳಿಹೋಯಿತು. ಹಯಾತ ಎದ್ದು ಓಡಿಬಂದು ಸೈಕಲ್ ಹಿಡಿದುಕೊಂಡ.

"ಹಿಡದೀರೇನ್ರಿ ಅಕ್ಕಾ?"

"ಹಿಡದೇನಿ. ನಡಿ."

ಗುಡ್ಡದ ಬುಡದಲ್ಲಿ ನಾಲ್ಕು ಗುಡಿಸಲುಗಳಿದ್ದವು. ಮಾರೆಪ್ಪನೆಂಬ ರೈತ ಕಂದೀಲು ಎತ್ತಿಹಿಡಿದು, ಅವರ ಬಾತ ಮುಖಗಳನ್ನು ನೋಡಿ ಒಂದು ಹೆಜ್ಜೆ ಹಿಂದೆ ಸರಿದ.

"ಎಲ್ಲಿಂದ ಬಂದ್ರೀ ನೀವು?"

"ಮ್ಯಾಲಿಂದ," ಹಯಾತ ಬೆರಳು ತೋರಿಸಿದ. "ಗಾಡಿ ಹೂಡ್ರಿ ಅಣ್ಣಾ, ನಿಮ್ಮ ಕಾಲಿಗೆ ಬೀಳ್ತೇನಿ."

ಮಾರೆಪ್ಪ ಗಾಡಿ ಹೂಡಿ ಎತ್ತುಗಳನ್ನು ಓಡಿಸಿದ. ಹಿರೇಕೆರೂರಿನ ಡಾಕ್ಟರು ಇಂಜೆಕ್ಷನ್ ಕೊಟ್ಟು, ನಾಡಿ ಹಿಡಿದು ಹಾಸಿಗೆಯ ಪಕ್ಕದಲ್ಲೇ ಕುಳಿತರು. ಸೀಟಿ ನಿಧಾನವಾಗಿ ಇಳಿದು ಬರೀ ಉಸಿರಾಯಿತು. ಮನೋರಮಾ ಆಗ ಮೊದಲ ಸಲ ಅತ್ತಳು.

ನಾಲ್ಕಾರು ದಿನಗಳಲ್ಲಿ ವಾದಿರಾಜ ಎದ್ದು ಕುಳಿತ. ಇನ್ನು ಮುಂದೆ ಜೇನಿನ ಹತ್ತಿರ ಸುಳಿಯಕೂಡದೆಂದು ಡಾಕ್ಟರು ಕಟ್ಟುನಿಟ್ಟಾಗಿ ಹೇಳಿದರು. ಅವನನ್ನು ಹಾನಗಲ್ಲಿನ ಬಸ್ಸಿಗೆ ಹತ್ತಿಸಿದರು. ಅವನ ಸೈಕಲ್ಲು ಮಾತ್ರ ಇನ್ನೂ ಗುಡ್ಡದ ಮೇಲೇ ಇತ್ತು.

"ನಾ ಒಬ್ಬನ ತರ್ತೇನ್ರಿ," ಹಯಾತ ಅಂದ.

"ನಿನಗ ಹೆದರಿಕಿಲ್ಲೇನು?"

"ಐತ್ರಿ."

"ನನಗೂ ಅದ. ಇಬ್ರೂ ಹೋಗೋಣ."

ಮಾರೆಪ್ಪ ಕೊಡಲಿ ಹಿಡಿದು ನೆತ್ತಿಯವರೆಗೆ ಜೊತೆಗೆ ಬಂದ. ಹುಳುಗಳು ಚಳಿಗೆ ಮುದುಡಿರುವಾಗಲೇ ದಾಟಬೇಕೆಂದು ಬೆಳಕು ಹರಿಯುವ ಮೊದಲೇ ಹೊರಟಿದ್ದರು. ಕಮಾನಿನ ಕೆಳಗೆ ಮಂಜು ತುಂಬಿತ್ತು. ತಲೆಯ ಮೇಲೆ ಆ ಕಪ್ಪು ಕಂಬಳಿಗಳು ಅಲುಗದೆ ತೂಗುತ್ತಿದ್ದವು. ಗಾಲಿ ಟಿಕ್ ಟಿಕ್ ಎನ್ನಬಾರದೆಂದು ಬಂಡೆಗೆ ಒರಗಿಸಿದ್ದ ವಾದಿರಾಜನದೂ ಸೇರಿ ಮೂರೂ ಸೈಕಲ್ಲುಗಳನ್ನು ಹೊತ್ತೇ ದಾಟಿದರು. ಮನೋರಮಾ ತಲೆ ಎತ್ತಲಿಲ್ಲ. ಒಂದು ಹುಳು ಅವಳ ಕೈಮೇಲೆ ಬಿತ್ತು. ಹಾಗೆಯೇ ಬಿಟ್ಟು ನಡೆದಳು.

ಆಚೆ ಮಾರೆಪ್ಪ ಕೈಮುಗಿದು ಹಿಂದೆ ತಿರುಗಿದ. ಇಬ್ಬರೂ ಸೈಕಲ್ ಹತ್ತಿದರು. ಹಯಾತ ಒಂದು ಕೈಯಲ್ಲಿ ತನ್ನ ಹ್ಯಾಂಡಲು, ಇನ್ನೊಂದು ಕೈಯಲ್ಲಿ ವಾದಿರಾಜನ ಸೈಕಲ್ಲು ಹಿಡಿದಿದ್ದ. ವರದೆಯ ನೀರು ಕಾಣುವವರೆಗೆ ಎಲ್ಲೂ ನಿಲ್ಲಲಿಲ್ಲ.

ಹಾನಗಲ್ಲಿನ ಬಸ್ಸು ನಿಲ್ಲುವ ಕಟ್ಟೆಯ ಮೇಲೆ ವಾದಿರಾಜ ಮಫ್ಲರು ಸುತ್ತಿಕೊಂಡು ಕುಳಿತಿದ್ದ. ಬಾವು ಇಳಿಯದ ಕಣ್ಣನ್ನು ಕಿರಿದು ಮಾಡಿ ರಸ್ತೆ ನೋಡುತ್ತಿದ್ದ. ಮೂರು ಸೈಕಲ್ಲು ಕಂಡೊಡನೆ ಎದ್ದು ನಿಂತ.

"ಯಾವ ಕಡೆಯಿಂದ ಬಂದ್ರಿ?"

"ಗುಡ್ಡದ ಮ್ಯಾಲಿಂದನ," ಹಯಾತ ಅಂದ. "ಹ್ವಾದ ದಾರೀಲೇ ಬಂದ್ವಿ."

ವಾದಿರಾಜ ತನ್ನ ಸೈಕಲ್ಲಿನ ಸೀಟಿನ ಮೇಲೆ ಕೈಯಾಡಿಸಿದ. ಆಮೇಲೆ ಪ್ಯಾಂಟಿನ ಕಾಲು ಮಡಚತೊಡಗಿದ. ಮನೋರಮಾ ಬೇಡವೆನ್ನಲು ಬಾಯಿ ತೆರೆದವಳು ಅವನ ಮಫ್ಲರನ್ನು ಬಿಗಿಯಾಗಿ ಕಟ್ಟಿದಳು. ಮೂವರೂ ಒಟ್ಟಿಗೇ ಪೆಡಲಿನ ಮೇಲೆ ಕಾಲಿಟ್ಟು ಸವಣೂರಿನ ಕಡೆ ಹೊರಟರು.