ಗಡಿ ದಾಟಿದ ಮೇಣ

ಸಾರ್ಜೆಂಟ್ ಬೆಲ್ತ್ರಾನ್ ಠಾಣೆಯ ಮೆಟ್ಟಿಲ ಮೇಲೆ ಕುಳಿತು ತನ್ನ ತೊಗಲ ಚಪ್ಪಲಿಯ ಹರಿದ ದಾರ ಬಿಚ್ಚಿ ಹೊಸದನ್ನು ಪೋಣಿಸುತ್ತಿದ್ದ. ಕಾವಲಿನ ಪೆಯೊ ಇನ್ನೊಂದು ಕಾಲಿನದನ್ನು ಹಿಡಿದುಕೊಂಡಿದ್ದ.

1835ರ ಮಾರ್ಚ್ 9, ಸೋಮವಾರ, ಬೆಳಿಗ್ಗೆ ಏಳಕ್ಕೆ ಗಿರಣಿಯ ಎಸ್ತೆಬಾನ್ ದೂರು ತಂದ.

"ಪ್ರತಿ ಭಾನುವಾರ ನಸುಕಲ್ಲಿ ಯಾರೋ ಹೊಳೆ ದಾಟಿ ಪಟ್ಟಣಕ್ಕೆ ಹೋಗ್ತಾರೆ. ನನ್ನ ಬಾತುಗಳು ಕೂಗ್ಕೊಳ್ತವೆ."

"ಯಾರು ಅಂತ ನೋಡಿದ್ಯಾ?"

"ಹೆಂಡ್ತಿ ಹೊರಗೆ ಬಿಡಲಿಲ್ಲ."

"ಹೆಂಡ್ತಿ ಬಿಡಲಿಲ್ವೋ, ಕಾಲು ಏಳಲಿಲ್ವೋ?" ಎಂದ ಪೆಯೊ.

ಬೆಲ್ತ್ರಾನ್ ನಗದೆ ದೂರು ಬರೆದುಕೊಂಡ. ಪಟ್ಟಣ ರಾಣಿಯ ಸೈನಿಕರ ಕೈಯಲ್ಲಿತ್ತು. ಅವಳ ಸಿಂಹಾಸನ ತನ್ನದೆಂದು ಯುದ್ಧ ಹೂಡಿದ್ದ ಡಾನ್ ಕಾರ್ಲೋಸನ ಸುಂಕಪಡೆ, ಬೆಲ್ತ್ರಾನನದೇ ಪಡೆ, ಹೊಳೆಯನ್ನೇ ಗಡಿ ಮಾಡಿಕೊಂಡು ಅದನ್ನು ಸುತ್ತುಗಟ್ಟಿತ್ತು. ಒಂದು ಮೊಟ್ಟೆಯೂ ಒಳಗೆ ಹೋಗಕೂಡದು. ಜನವರಿಯಲ್ಲಿ ಉಪ್ಪು ಒಯ್ದ ಇಬ್ಬರನ್ನು ಗುಂಡಿಟ್ಟು ಕೊಂದಿದ್ದರು.

ಒಂಬತ್ತಕ್ಕೆ ಹೊಳೆದಂಡೆಯ ಪಂಚನಾಮೆ. ಹೆಜ್ಜೆಗಳು ಚಿಕ್ಕವು, ಆಳವಿಲ್ಲ, ಹೊರೆ ಹೊತ್ತವರದಲ್ಲ. ಪಾಚಿಗಲ್ಲಿನ ಮೇಲೆ ಜಾರಿ ಬಿದ್ದ ಗುರುತು. ಅಲ್ಲೇ ಉಗುರಿನಷ್ಟು ಮೇಣದ ಚೂರು.

"ಮೇಣ ಯಾರು ತಿಂತಾರೆ, ಸಾರ್ಜೆಂಟ್ರೇ?"

"ಸನ್ನೆ ದೀಪಕ್ಕಿರಬಹುದು. ಬೇಹಿನವರ ಕೆಲಸ."

ಹೊಳೆಯ ಈಚೆ ಜೇನುಗೂಡು ಸಾಕಿದ ಮನೆಗಳು ಮೂರು. ಕಳೆದ ಶರತ್ಕಾಲದ ಮೇಣ ತೋರಿಸಿ ಎಂದು ಬೆಲ್ತ್ರಾನ್ ಕೇಳಿದ. ಎರಡು ಮನೆಯವರು ಮೇಣದ ಉಂಡೆ ತಂದು ತೋರಿಸಿದರು. ಮೂರನೆಯ ಬಾಗಿಲನ್ನು ಅವನು ತಟ್ಟದೆ ನಿಂತ. ಅದು ಗ್ರಾಸಿಯಾನಾಳ ಮನೆ. ಅವಳ ಮಗ ಒತ್ಸೋವಾ ಬೆಲ್ತ್ರಾನನ ತುಕಡಿಯಲ್ಲೇ ಇದ್ದವನು. ಕಳೆದ ಏಪ್ರಿಲ್‌ನಲ್ಲಿ ಇದೇ ಗಡಿ ಕಾಯುತ್ತ ಗುಂಡೇಟಿಗೆ ಸತ್ತಿದ್ದ. ಅವನ ಕಣ್ಣು ಮುಚ್ಚಿದ್ದು ಬೆಲ್ತ್ರಾನನೇ.

"ಬಾರಪ್ಪ. ಒಲೆ ಹತ್ರ ಕೂತ್ಕೋ, ಕಾಲೆಲ್ಲ ಒದ್ದೆ ಮಾಡ್ಕೊಂಡಿದೀಯ."

"ಅವ್ವಾ, ಮೇಣ ಎಲ್ಲಿ?"

ಅವಳು ಅವನ ಮುಖ ನೋಡಿದಳು. ಒಳಗೆ ಹೋಗಿ ತೋಳುದ್ದದ ಕೆತ್ತನೆಯ ಹಲಗೆಯೊಂದನ್ನು ತಂದಳು. ಅದಕ್ಕೆ ತೆಳುವಾದ ಮೇಣದ ಬತ್ತಿ ಸುತ್ತಿತ್ತು. ಪೆಯೊ ಟೋಪಿ ತೆಗೆದ. ಸತ್ತವರಿಗೆ ಬೆಳಕು ಹಚ್ಚುವ ಅಂಥ ಹಲಗೆ ಅವರೆಲ್ಲರ ಮನೆಯಲ್ಲೂ ಇತ್ತು.

"ನಮ್ಮ ಮನೆತನದ ಸಮಾಧಿ ಜಾಗ ಆ ಪಟ್ಟಣದ ಇಗರ್ಜಿ ನೆಲದಲ್ಲೇ ಅಲ್ವಾ? ಸತ್ತವನಿಗೆ ಒಂದು ವರ್ಷ ಅಲ್ಲಿ ಬೆಳಕು ಹಚ್ಚಬೇಕು. ಬಿಟ್ರೆ ನನ್ನ ಮಗ ಕತ್ತಲಲ್ಲಿ ನಡೀತಾನೆ."

"ರಾಣಿ ಕಡೆಯವರು ಬಿಡ್ತಾರಾ?" ಎಂದ ಬೆಲ್ತ್ರಾನ್.

"ಒಬ್ಬ ಬೈತಾನೆ. ಇನ್ನೊಬ್ಬ ಕೈಹಿಡಿದು ಮೆಟ್ಟಿಲು ಹತ್ತಿಸ್ತಾನೆ."

"ನನಗೊಂದು ಮಾತು ಹೇಳಬಾರದಿತ್ತಾ?"

"ಹೇಳಿದ್ರೆ ನೀನು ಬೇಡ ಅನ್ನಬೇಕಾಗಿತ್ತು. ನಿನಗ್ಯಾಕೆ ಆ ಕಷ್ಟ?"

ಹನ್ನೆರಡೂ ಹತ್ತಕ್ಕೆ ಬಂಧನ. ಜಪ್ತಿ: ಹಲಗೆ ಒಂದು, ಬತ್ತಿ ನಾಲ್ಕು ಸುತ್ತು. ವರದಿಯ ಕಾರಣದ ಸಾಲಿನಲ್ಲಿ ಬೆಲ್ತ್ರಾನ್ 'ತಾಯಿ' ಎಂದಷ್ಟೇ ಬರೆದ. ತೀರ್ಪು ದಂಡಿನ ಮುಖ್ಯ ಠಾಣೆಯವರದು, ಅವನ ಕೈಯಲ್ಲಿರಲಿಲ್ಲ. ಕೈ ಕಟ್ಟುವ ಹಗ್ಗವನ್ನು ಪೆಯೊ ತರಲೇ ಇಲ್ಲ.

ಗ್ರಾಸಿಯಾನಾ ತಲೆವಸ್ತ್ರ ಬಿಗಿದುಕೊಂಡು ಒಲೆಯ ಕೆಂಡಕ್ಕೆ ಬೂದಿ ಮುಚ್ಚಿದಳು. ಅಂಗಳ ದಾಟುವಾಗ ನಿಂತಳು.

"ಇನ್ನು ಐದೇ ಭಾನುವಾರ ಇದೆ. ನಿಮ್ಮಲ್ಲಿ ಯಾರಾದ್ರೂ ಹೋಗಿ ಹಚ್ಚಿ ಬನ್ನಿ."

ಪೆಯೊ ಅವಳ ಕೈ ಹಿಡಿದುಕೊಂಡ. ಬೆಲ್ತ್ರಾನ್ ಹಲಗೆಯನ್ನು ಎದೆಗಾನಿಸಿ ಹಿಡಿದು ಮುಂದೆ ನಡೆದ.