ಗಂಟು ಮೇಡಂ

"ಕಸ್ತೂರೀ, ಎಳಿ ಹರೀತವ್ವಾ. ಬಾ, ಒಂದು ಗಂಟ ಹಾಕು."

ಆಯಿ, ಅಂದರೆ ಕಸ್ತೂರಿಯ ಅಜ್ಜಿ, ನೆಲದಲ್ಲಿ ತೋಡಿದ ಮಗ್ಗದ ಕುಣಿಯಲ್ಲಿ ಕೂತು ಕರೆದಳು. ಕಸ್ತೂರಿ ಪಡಸಾಲೆಯ ಕಂಬಕ್ಕೆ ಒರಗಿ ಗಣಿತದ ಹೋಂವರ್ಕ್ ಮಾಡುತ್ತಿದ್ದಳು. ಆಯಿ ಕರೆದದ್ದು ಕೇಳಿಸಿತು. ಆದರೂ ಕೇಳಿಸದವಳ ಹಾಗೆ ಪೆನ್ಸಿಲ್ ಹೆರೆಯತೊಡಗಿದಳು. ಪೆನ್ಸಿಲ್ ಮೊದಲೇ ಚೂಪಾಗಿತ್ತು.

"ನನ್ನ ಕಣ್ಣಿಗೆ ಕಾಣವಲ್ದು. ನಿನ್ನ ಬೆರಳು ಸಣ್ಣು ಅದಾವ. ಬಾರ ನನ್ನವ್ವಾ."

"ಹೋಂವರ್ಕ್ ಐತಿ ಆಯಿ."

"ನಿನ್ನೀನೂ ಹಂಗ ಅಂದಿ. ಮುಂಜಾನೀನೂ ಹಂಗ ಅಂದಿ."

ಕಸ್ತೂರಿ ಎರಡೂ ಕೈಗಳನ್ನು ಮಡಿಲಿಗೆ ಎಳೆದುಕೊಂಡು ಲಂಗದೊಳಗೆ ಮುಚ್ಚಿಟ್ಟಳು.

ಆಯಿ ತಾನೇ ತಡಕಾಡಿ ತಡಕಾಡಿ ಎಳೆಯ ತುದಿಗಳನ್ನು ಹುಡುಕಿದಳು. ಬಹಳ ಹೊತ್ತಾದ ಮೇಲೆ ಮಗ್ಗ ಮತ್ತೆ ಟಕ್ ಟಕ್ ಅಂದಿತು. ಬರೀ ಟಕ್ ಟಕ್.

ಮೊದಲು ಹೀಗಿರಲಿಲ್ಲ. ಲಾಳಿ ಆ ಕಡೆ ಓಡಿದರೆ ಹಾಡಿನ ಒಂದು ಸಾಲು, ಈ ಕಡೆ ಓಡಿ ಬಂದರೆ ಇನ್ನೊಂದು ಸಾಲು. ಎಲ್ಲವೂ ಬನಶಂಕರಿ ತಾಯಿಯ ಹಾಡುಗಳೇ. ಆಯಿ ನೇಯ್ದ ಇಳಕಲ್ ಸೀರೆಯಲ್ಲಿ ಅರ್ಧ ನೂಲು, ಅರ್ಧ ಹಾಡು ಎಂದು ಓಣಿಯವರೆಲ್ಲ ಅನ್ನುತ್ತಿದ್ದರು. ಕಾಕಾ ಬಿದ್ದ ದಿನದಿಂದ ಆಯಿಯ ಹಾಡು ನಿಂತುಹೋಗಿದೆ.

ಕಾಕಾ ಒಳಗಿನ ಕೋಣೆಯಲ್ಲಿ ಹೊರಸಿನ ಮೇಲೆ ಮಲಗಿದ್ದ. ತೊಡೆಯಿಂದ ಹಿಮ್ಮಡಿಯವರೆಗೆ ಬಿಳಿ ಪ್ಲಾಸ್ಟರ್. ನಾಗಲಿಂಗ ಕಾಕಾ ಅಂದರೆ ಬಾದಾಮಿಯ ಕೆಂಪು ಬಂಡೆಗಳ ಮೇಲೆ ಹಲ್ಲಿಯ ಹಾಗೆ ಹತ್ತುತ್ತಿದ್ದವನು. ಈಗ ಅವನು ಜಂತಿಯ ಮೇಲಿನ ಹಲ್ಲಿಯನ್ನು ನೋಡುತ್ತ ಮಲಗುತ್ತಾನೆ. ಬಾಗಲಕೋಟೆಯ ಡಾಕ್ಟರು ಹೇಳಿಬಿಟ್ಟಿದ್ದರು: "ನಡೀತೀಯಪಾ, ಅದಕ್ಕ ಚಿಂತಿ ಬ್ಯಾಡ. ಆದ್ರ ಗುಡ್ಡದ ಮಾತು ಇನ್ನ ಬಿಟ್ಟುಬಿಡು."

ಬೇಲಿಗೆ ಒಣಹಾಕಿದ ಬಟ್ಟೆ ಗಾಳಿಗೆ ಹಾರಿದ ಸದ್ದು ಕೇಳಿದರೂ ಈಗ ಕಸ್ತೂರಿ ಬೆಚ್ಚುತ್ತಾಳೆ. ಯಾಕೆಂದರೆ ಅವಳಿಗೆ ಒಂದು ವಿಷಯ ಗೊತ್ತು. ಕಾಕಾ ಬಿದ್ದದ್ದು ಅವಳು ಹಾಕಿದ ಗಂಟು ಬಿಚ್ಚಿದ್ದರಿಂದ.

*

ಕ್ಲಬ್ ಶುರುವಾದಾಗ ಇದ್ದದ್ದು ಇಷ್ಟೇ: ಒಂದು ಹಗ್ಗ, ಒಂದು ಜೋಡಿ ಬೂಟು, ಮತ್ತು ಹುಚ್ಚು.

ಹಗ್ಗ ಮತ್ತು ಬೂಟುಗಳನ್ನು ಬಂಡೆ ಹತ್ತಲು ಎಲ್ಲಿಂದಲೋ ಬಂದಿದ್ದ ಒಬ್ಬರು ಊರಿಗೆ ಹೋಗುವಾಗ ಕಾಕಾನಿಗೆ ಕೊಟ್ಟುಹೋಗಿದ್ದರು. ಹುಚ್ಚನ್ನು ಯಾರೂ ಕೊಡಲಿಲ್ಲ, ಅದು ಕಾಕಾನದ್ದೇ. ಅವನ ಜೊತೆ ಗೆಳೆಯ ತೌಸಿಫ ಸೇರಿದ. ಆಮೇಲೆ ಓಣಿಯ ಇನ್ನಷ್ಟು ಹುಡುಗರು ಸೇರಿದರು. ಕಲಿಸುವವರು ಯಾರೂ ಇರಲಿಲ್ಲ. ಮೊಬೈಲಿನಲ್ಲಿ ವಿಡಿಯೋ ನೋಡುವುದು, ಬಂಡೆಗೆ ಹೋಗಿ ಬೀಳುವುದು, ಮತ್ತೆ ವಿಡಿಯೋ ನೋಡುವುದು.

ಒಂದೇ ಜೋಡಿ ಬೂಟಿನೊಳಗೆ ಎಲ್ಲರ ಕಾಲೂ ಹೋಗಬೇಕು. ತೌಸಿಫನ ಕಾಲು ದೊಡ್ಡದು. "ನಾ ಹತ್ತಬೇಕಂದ್ರ ಎರಡು ಬೆರಳು ಮನ್ಯಾಗ ಬಿಟ್ಟು ಬರಬೇಕಲೇ," ಅನ್ನುತ್ತಿದ್ದ. ತಲೆಗೆ ಬೈಕಿನ ಹೆಲ್ಮೆಟ್. ಬಿದ್ದರೆ ಪೆಟ್ಟಾಗಬಾರದೆಂದು ಕೆಳಗೆ ಆಯಿಯ ಹತ್ತಿಯ ಗಾದಿ. ಕೈ ಜಾರದಿರಲು ಪುಡಿ ಬೇಕು. ಅದಕ್ಕೆ ಕಸ್ತೂರಿ ಶಾಲೆಯ ಬೋರ್ಡಿನ ಕೆಳಗೆ ಬಿದ್ದ ಚಾಕ್ ತುಂಡುಗಳನ್ನು ಆರಿಸಿ ತರುತ್ತಿದ್ದಳು.

ಹಳೆಯ ಕೇರಂ ಬೋರ್ಡಿನ ಹಿಂಬದಿಗೆ ಕಾಕಾ ಬಣ್ಣದಲ್ಲಿ ಬರೆದ: 'ಕೆಂಪುಗಲ್ಲು ಕ್ಲೈಂಬಿಂಗ್ ಕ್ಲಬ್, ಬಾದಾಮಿ'. ನಾಲ್ಕೂ ಮೂಲೆಯಲ್ಲಿ ತೂತುಗಳು ಹಾಗೇ ಇದ್ದವು. ಗೋಡೆಗೆ ತೂಗುಹಾಕಲು ಅನುಕೂಲವೇ ಆಯಿತು.

ನೇಕಾರರ ಮನೆಯಲ್ಲಿ ಮಗ್ಗಕ್ಕೆ ಪೂಜೆ ಮಾಡುವಾಗ ಆಯಿ ಹಗ್ಗಕ್ಕೂ ಕುಂಕುಮ ಹಚ್ಚಿದಳು. "ಇದೂ ನೂಲ ಅಲ್ಲೇನು? ತಾಯಿ ಕಾಯಲಿ," ಅಂದಿದ್ದಳು.

ಬೇಸಿಗೆಗೆ ಮುಂಚೆ ಕಾಕಾನ ಕಣ್ಣು ಒಂದು ಎತ್ತರದ ಬಂಡೆಯ ಮೇಲೆ ಬಿತ್ತು. ಮೇಲೆ ಒಂದು ಗಟ್ಟಿ ಮರ ಇತ್ತು. ಅಲ್ಲಿಂದ ಹಗ್ಗ ಇಳಿಬಿಟ್ಟರೆ ನೆಲ ಮುಟ್ಟುತ್ತಿರಲಿಲ್ಲ. ತೌಸಿಫ ಬಾಗಲಕೋಟೆಯ ಪೇಟೆಯಿಂದ ಇನ್ನೊಂದು ನೈಲಾನ್ ಹಗ್ಗ ತಂದ. ಅದನ್ನು ಮರಕ್ಕೆ ಕಟ್ಟಿ, ಅದರ ತುದಿಗೆ ಹಳೆಯ ಹಗ್ಗ ಜೋಡಿಸಬೇಕಿತ್ತು.

ತೌಸಿಫ ವಿಡಿಯೋ ನೋಡುತ್ತ ಗಂಟು ಹಾಕಲು ಕೂತ. ಹಾಕಿದ, ಬಿಚ್ಚಿದ, ಬೆವರಿದ. ಅವನ ತಮ್ಮ ಬಬ್ಲು ಮತ್ತು ಕಸ್ತೂರಿ ಒಂದೇ ಕ್ಲಾಸು. ಇಬ್ಬರೂ ಚುರುಮುರಿ ತಿನ್ನುತ್ತ ನೋಡುತ್ತಿದ್ದರು.

"ಅಣ್ಣಾ, ನಿನ್ನ ಗಂಟಿನಾಗ ಗುಬ್ಬಿ ಮೊಟ್ಟಿ ಇಡತೈತಿ," ಅಂದ ಬಬ್ಲು.

ಕಸ್ತೂರಿಗೆ ನಗು ತಡೆಯಲಿಲ್ಲ. "ಇಷ್ಟಕ್ಕ ಯಾಕ ಒದ್ದಾಡ್ತೀರಿ ತೌಸಿಫಣ್ಣ? ಕೊಡ್ರಿ ಇಲ್ಲೆ."

ದಿನಾ ಮಗ್ಗದ ಮೇಲೆ ಹಾಕುವ ಗಂಟನ್ನೇ ಹಾಕಿದಳು. ಒಂದು ತುದಿಯನ್ನು ಮಡಚಿ, ಇನ್ನೊಂದನ್ನು ಅದರೊಳಗೆ ತೂರಿಸಿ, ಸುತ್ತಿ, ಬಿಗಿದಳು. ಕಣ್ಣು ಮಿಟುಕಿಸುವುದರೊಳಗೆ ಮುಗಿಯಿತು. ಗಂಟಿನಾಚೆ ಉಳಿದ ಬಾಲವನ್ನೂ ಚೊಕ್ಕವಾಗಿ ಗಿಡ್ಡ ಬಿಟ್ಟಳು. ಉದ್ದ ಬಾಲದ ಗಂಟು ಹಾಕುವವರು ನೇಕಾರರೇ ಅಲ್ಲ ಎಂದು ಆಯಿ ಹೇಳುತ್ತಿದ್ದಳಲ್ಲ!

ಎಲ್ಲರೂ ಎರಡು ಕಡೆ ಹಂಚಿಕೊಂಡು, ಹಗ್ಗಜಗ್ಗಾಟದ ಹಾಗೆ ಜಗ್ಗಿದರು. ಗಂಟು ಅಲುಗಲಿಲ್ಲ.

"ಶಾಬ್ಬಾಸ್, ಗಂಟು ಮೇಡಂ!" ಅಂದ ಕಾಕಾ. ಎಲ್ಲರೂ ಚಪ್ಪಾಳೆ ಹೊಡೆದರು. ಕಸ್ತೂರಿಯ ಎದೆ ಪೂರಿಯ ಹಾಗೆ ಉಬ್ಬಿತು.

ಹಗ್ಗವನ್ನು ಸೊಂಟಕ್ಕೆ ಕಟ್ಟಿಕೊಂಡು ಕಾಕಾ ಹತ್ತಿದ. ಅರ್ಧಕ್ಕೆ ಹೋಗಿ ಒಂದು ಚಾಚುಗಲ್ಲಿನ ಮೇಲೆ ನಿಂತು, ಕೆಳಗೆ ನೋಡಿ ಕೈ ಬೀಸಿದ. ಸಡಿಲ ಬಿದ್ದ ಹಗ್ಗ ಗಾಳಿಗೆ ಓಲಾಡಿತು. ಆಮೇಲೆ ಮತ್ತೆ ಕಾಲು ಎತ್ತಿಟ್ಟ. ಕಾಲು ಜಾರಿತು. ಹಗ್ಗ ಹಿಡಿಯುತ್ತದೆ ಅಂದುಕೊಂಡರು.

ಹಗ್ಗ ಅವನ ಹಿಂದೆಯೇ ಕೆಳಗೆ ಬಂತು. ಗಾದಿ ಎಲ್ಲೋ ಇತ್ತು, ಕಾಕಾ ಎಲ್ಲೋ ಬಿದ್ದ.

*

ಶಾಲೆಯಲ್ಲಿ ಎಲ್ಲರ ಬಾಯಲ್ಲೂ ಅದೇ ಮಾತು.

"ಏ ಕಸ್ತೂರಿ, ನಿಮ್ಮ ಕಾಕಾಗ ಗಂಟ ಹಾಕಾಕನೂ ಬರೂದಿಲ್ಲಂತ? ಗುಡ್ಡ ಹತ್ತಾಕ ಹೊಂಟಿದ್ದ!" ಹಿಂದಿನ ಬೆಂಚಿನ ಶ್ರೀಧರ ಕೇಳಿದ. ಎಲ್ಲರೂ ನಕ್ಕರು.

ಕಸ್ತೂರಿ ಬಬ್ಲುವಿನ ಕಡೆ ನೋಡಿದಳು. ಬಬ್ಲು ಚೀಲದೊಳಗೆ ಇಲ್ಲದ ರಬ್ಬರ್ ಹುಡುಕುತ್ತಿದ್ದ.

ಊಟದ ಬೆಲ್ ಹೊಡೆದಾಗ ಅವನು ಹತ್ತಿರ ಬಂದ. "ನಾ ಯಾರಿಗೂ ಹೇಳಿಲ್ಲ. ನಾಗಲಿಂಗಣ್ಣ ಆಣಿ ಹಾಕ್ಯಾನ. ಗಂಟ ನಾನ ಹಾಕೀನಿ ಅಂತ ಎಲ್ಲಾರ ಮುಂದ ಹೇಳ್ಯಾನ, ದವಾಖಾನ್ಯಾಗನೂ."

ಕಸ್ತೂರಿ ಬಾಯಿಗೆ ಎತ್ತಿದ ತುತ್ತನ್ನು ತಟ್ಟೆಗೆ ಇಳಿಸಿದಳು. ಯಾರಾದರೂ ಬೈದಿದ್ದರೆ ಅತ್ತು ಹಗುರಾಗಬಹುದಿತ್ತು. ಯಾರೂ ಬೈಯಲಿಲ್ಲ. ತನ್ನ ತಪ್ಪನ್ನು ಹೊತ್ತುಕೊಂಡು ಕಾಕಾ ಮುರಿದ ಕಾಲಿನಲ್ಲಿ ಮಲಗಿದ್ದಾನೆ. ತಾನು ಎರಡೂ ಕಾಲಿನಲ್ಲಿ ಶಾಲೆಗೆ ಬಂದು ಅನ್ನಸಾರು ತಿನ್ನುತ್ತಿದ್ದೇನೆ.

ಅವಳು ತಟ್ಟೆಯನ್ನು ಹಾಗೇ ತೊಳೆಯಲು ಇಟ್ಟಳು.

*

ಶನಿವಾರ ಸಂಜೆ ತೌಸಿಫ ಮನೆಗೆ ಬಂದ. ಕೈಯಲ್ಲಿ ಬೂಟಿನ ಚೀಲ, ಹೆಗಲ ಮೇಲೆ ಎರಡೂ ಹಗ್ಗ.

"ಇಟಗೋ ನಾಗ್ಯಾ." ಹೊರಸಿನ ಕಾಲಬದಿ ಎಲ್ಲವನ್ನೂ ಇಳಿಸಿದ. "ಅಮ್ಮಿ ತನ್ನ ತಲಿ ಮ್ಯಾಲ ನನ್ನ ಕೈ ಇಡಿಸಿ ಆಣಿ ಮಾಡಿಸಿಕೊಂಡಾಳ. ಉಳಿದ ಹುಡುಗರ ಮನ್ಯಾಗೂ ಇದ ಹಾಡು. ಯಾರೂ ಬರೂದಿಲ್ಲ."

"ಮುಗೀತಂದಂಗಾತು," ಅಂದ ಕಾಕಾ.

"ಮುಗೀತು."

ಇಬ್ಬರೂ ಜಂತಿ ನೋಡಿದರು. ಆಯಿ ಚಹಾ ತಂದಳು. "ಬೋರ್ಡ ಅಲ್ಲೇ ಗ್ವಾಡಿಗೆ ಐತಿ. ಓಣ್ಯಾಗ ಹಾದು ಹೋಗಾವರೆಲ್ಲ ಓದಿ ನಗ್ತಾರ," ಅಂದಳು. "ತಗದು ನೀರಿನ ಹಂಡೇಕ ಮುಚ್ಚತೀನಿ. ಹಗ್ಗಾ ಅರಿವಿ ಒಣಹಾಕಾಕ ಅಕ್ಕಾವ."

ಕಸ್ತೂರಿ ಬಾಗಿಲ ಮರೆಯಲ್ಲಿ ನಿಂತು ಎಲ್ಲ ಕೇಳಿಸಿಕೊಂಡಳು. ಚಾಕ್ ಪುಡಿ, ಹೆಲ್ಮೆಟ್, ಕೇರಂ ಬೋರ್ಡು, ನಗು, ಎಲ್ಲ ಹೋಯಿತು. ಎಲ್ಲ ಒಂದು ಗಂಟಿನಿಂದ.

"ಕಾಕಾನ ತಪ್ಪಲ್ಲ!" ಅವಳು ಒಳಗೆ ನುಗ್ಗಿದಳು. "ಗಂಟ ನಾ ಹಾಕಿದ್ದೆ. ನಾನ ಹಾಕಿದ್ದೆ ಆಯಿ."

ಕಾಕಾ ಹತ್ತಿರ ಕರೆಯುತ್ತಾನೆ, ತಲೆ ಸವರುತ್ತಾನೆ ಎಂದು ಅವಳು ಅಂದುಕೊಂಡಿದ್ದಳೋ ಏನೋ. ಕಾಕಾನ ಮುಖ ಕೆಂಪಾಯಿತು.

"ಬಾಯಿ ಮುಚ್ಚು! ನಿನ್ನ ಯಾರ ಕೇಳಿದ್ರು? ಸಣ್ಣ ಹುಡುಗಿ ಕೈಲೆ ಗಂಟ ಹಾಕಿಸಿ ಗುಡ್ಡಾ ಹತ್ತಿದ್ರು ಅಂತ ಊರಾಗ ಹೇಳಕೋತ ತಿರುಗಬೇಕೇನು? ಅದೊಂದು ಬಾಕಿ ಇತ್ತು ನೋಡು!"

ಅಷ್ಟು ಹೇಳಿ ಗೋಡೆಯ ಕಡೆ ಹೊರಳಿದ. ಪ್ಲಾಸ್ಟರಿನ ಕಾಲು ಹೊರಳಲಿಲ್ಲ. ನೋವಿಗೆ ಹಲ್ಲು ಕಚ್ಚಿದ.

ತೌಸಿಫ ಚಹಾ ಕುಡಿಯದೆ ಎದ್ದು ಹೋದ.

ಆಯಿ ಮಾತ್ರ ನಿಂತಲ್ಲೇ ನಿಂತಿದ್ದಳು. "ಯಾವ ಗಂಟವ್ವಾ?" ಮೆಲ್ಲಗೆ ಕೇಳಿದಳು. "ನಾ ಕಲಿಸಿದ್ದ?"

ಕಸ್ತೂರಿ ಹೂಂ ಅಂದಳು. ಆಯಿ ಗೋಡೆ ಹಿಡಿದುಕೊಂಡು ಮಗ್ಗದ ಕಡೆ ಹೋದಳು. ಆದರೆ ಕುಣಿಗೆ ಇಳಿಯಲಿಲ್ಲ. ಅದರ ಅಂಚಿನಲ್ಲಿ ಕೂತು ತನ್ನ ಬೆರಳುಗಳನ್ನೇ ನೋಡತೊಡಗಿದಳು.

*

ಮರುದಿನ ಭಾನುವಾರ. ಆಯಿ ಅಂಗಳದಲ್ಲಿ ಬಟ್ಟೆ ಒಗೆಯುತ್ತಿದ್ದಳು. ಕಸ್ತೂರಿಗೆ ಹಗ್ಗ ಕಟ್ಟುವ ಕೆಲಸ ಬಂತು. ಕಂಬದಿಂದ ಕಂಬಕ್ಕೆ ನಾಲ್ಕೈದು ಸಾಲು ಎಳೆಯಬೇಕು, ಒಂದು ಹಗ್ಗ ಸಾಲದು. ಎರಡನ್ನೂ ಜೋಡಿಸಬೇಕು.

ತುದಿಗಳನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನಿಂತಳು. ಹಳೆಯ ಹಗ್ಗದ ಮೇಲೆ ಆಯಿ ಹಚ್ಚಿದ ಕುಂಕುಮ ಇನ್ನೂ ಮಾಸಲಾಗಿ ಉಳಿದಿತ್ತು. ಬೆರಳುಗಳು ಬೇರೆ ಗಂಟು ಅರಿಯವು. ಮಡಚಿ, ತೂರಿಸಿ, ಸುತ್ತಿ, ಅದೇ ಗಂಟು ಹಾಕಿದಳು. ಕಂಬಕ್ಕೆ ಕಾಲು ಕೊಟ್ಟು ಸಿಟ್ಟಿನಿಂದ ಜಗ್ಗಿದಳು. ಬಿಚ್ಚು, ಬಿಚ್ಚು ಈಗ!

ಬಿಚ್ಚಲಿಲ್ಲ. ಇನ್ನಷ್ಟು ಜಗ್ಗಿದಳು. ಗಂಟು ಕಲ್ಲಿನ ಹಾಗೆ ಇತ್ತು. ಹಾಗಾದರೆ ಅವತ್ತು ಯಾಕೆ ಬಿಚ್ಚಿತು? ಅಳು ಬಂತು. ಕೈ ಸೋತು ಹಗ್ಗ ಸಡಿಲ ಬಿಟ್ಟಳು. ಅಂಗಳದ ಗಾಳಿಗೆ ಅದು ಓಲಾಡಿತು. ಅಂದು ಬಂಡೆಯ ಮೇಲೆ ಕಾಕಾ ಕೈ ಬೀಸಿದಾಗ ಓಲಾಡಿದ ಹಾಗೆಯೇ.

ಕಸ್ತೂರಿ ಕಣ್ಣು ಒರೆಸಿಕೊಂಡಳು. ಹಗ್ಗ ಹಿಡಿದು ತಾನೇ ಅಲುಗಾಡಿಸಿದಳು. ನುಣುಪಾದ ನೈಲಾನು ಮೆಲ್ಲಗೆ ಜಾರಿತು. ಗಿಡ್ಡ ಬಾಲ ಸುರುಳಿಯೊಳಗೆ ಸರಿಯಿತು. ಇನ್ನೊಮ್ಮೆ ಅಲುಗಾಡಿಸಿದಳು. ಗಂಟು ಹೂವಿನ ಹಾಗೆ ಬಿಚ್ಚಿ ಎರಡು ತುದಿಗಳೂ ನೆಲಕ್ಕೆ ಬಿದ್ದವು.

ಮತ್ತೆ ಹಾಕಿದಳು. ಜಗ್ಗಿದರೆ ಹಿಡಿಯುತ್ತದೆ. ಸಡಿಲ ಬಿಟ್ಟು ಅಲುಗಾಡಿಸಿದರೆ ಬಿಚ್ಚುತ್ತದೆ. ಅವತ್ತು ಎಲ್ಲರೂ ಜಗ್ಗಿ ನೋಡಿದ್ದರು. ಯಾರೂ ಬಿಟ್ಟು ನೋಡಿರಲಿಲ್ಲ.

ತಿರುಗಿ ನೋಡಿದರೆ ಆಯಿ ಸೋಪಿನ ಕೈಯಲ್ಲೇ ಬಂದು ಹಿಂದೆ ನಿಂತಿದ್ದಳು. ಅವಳೂ ಎಲ್ಲ ನೋಡಿದ್ದಳು. ಆಯಿಯ ಕಣ್ಣು ಬಾಗಿಲ ಒಳಗಿನ ಮಗ್ಗದ ಕಡೆ ಹೋಯಿತು. ಅಲ್ಲಿ ನೂರಾರು ಎಳೆಗಳು ಈ ತುದಿಯಿಂದ ಆ ತುದಿಗೆ ಬಿಗಿದು ನಿಂತಿದ್ದವು.

"ಮಗ್ಗದಾಗ ಎಳಿ ಎಂದೂ ಸಡಿಲಾಗೂದಿಲ್ಲ ನೋಡವ್ವಾ," ಅಂದಳು ಆಯಿ. "ಹುಟ್ಟಿದಾಗಿಂದ ಹಾಕಕೋತ ಬಂದೀನಿ. ನನಗೂ ಗೊತ್ತಿರಲಿಲ್ಲ."

ಕಸ್ತೂರಿ ಹಗ್ಗದ ತುದಿಗಳನ್ನು ಎಳೆದುಕೊಂಡು ಒಳಗೆ ಹೋದಳು. ಕಾಕಾ ಗೋಡೆಯ ಕಡೆ ಮುಖ ಮಾಡಿದ್ದ. ಅವಳು ಗಂಟು ಹಾಕಿ ಅವನ ಕೈಯಲ್ಲಿಟ್ಟಳು.

ಕಾಕಾ ಬೈಯಲಿಲ್ಲ. ಸುಮ್ಮನೆ ಒಮ್ಮೆ ಜಗ್ಗಿದ. ಗಂಟು ಹಿಡಿಯಿತು. ಅವಳು ಅವನ ಕೈಯನ್ನು ಮೆಲ್ಲಗೆ ಹತ್ತಿರ ತಂದು, ಹಗ್ಗ ಸಡಿಲ ಮಾಡಿ ಅಲುಗಾಡಿಸಿದಳು. ಗಂಟು ಬಿಚ್ಚಿ ಪ್ಲಾಸ್ಟರಿನ ಮೇಲೆ ಬಿತ್ತು.

ಕಾಕಾ ಬಿಚ್ಚಿದ ತುದಿಗಳನ್ನು ಬಹಳ ಹೊತ್ತು ನೋಡಿದ.

"ಇನ್ನೊಮ್ಮೆ ಹಾಕು," ಅಂದ.

ಹಾಕಿದಳು. ಅವನೇ ಅಲುಗಾಡಿಸಿದ. ಬಿಚ್ಚಿತು. "ಹೆಂಗ ಹಾಕ್ತಿ, ತೋರಸು." ತೋರಿಸಿದಳು.

ಕಾಕಾ ಹಗ್ಗವನ್ನು ತನ್ನ ಹತ್ತಿರವೇ ಇಟ್ಟುಕೊಂಡ. ಅಂಗಳದಲ್ಲಿ ನೀರಿನ ಹಂಡೆಯ ಮೇಲೆ ಬೋರ್ಡು ಬೋರಲಾಗಿ ಬಿದ್ದಿತ್ತು. ಬರೆದದ್ದು ಕೆಳಗೆ, ನೀರಿನ ಕಡೆಗೆ. ನಾಲ್ಕು ತೂತುಗಳು ಮಾತ್ರ ಆಕಾಶ ನೋಡುತ್ತಿದ್ದವು.

ಒದ್ದೆ ಬಟ್ಟೆಗಳನ್ನು ಆಯಿ ಬೇಲಿಗೇ ಹರವಿದಳು. ಕೈ ಒರೆಸಿಕೊಂಡು ಮಗ್ಗದ ಕುಣಿಗೆ ಇಳಿದಳು. ಟಕ್ ಟಕ್, ಟಕ್ ಟಕ್. ಆಮೇಲೆ ಸದ್ದು ನಿಂತಿತು. ಎಳೆ ಹರಿದಿತ್ತು. ಆಯಿ ಈ ಸಲ ಕರೆಯಲಿಲ್ಲ.

ಕಸ್ತೂರಿ ಎದ್ದು ಹೋಗಿ ಅವಳ ಪಕ್ಕ ಬಗ್ಗಿದಳು. ಮಡಚಿ, ತೂರಿಸಿ, ಸುತ್ತಿ ಬಿಗಿದಳು. ಎಳೆ ತನ್ನ ಜಾಗದಲ್ಲಿ ಬಿಗಿದು ನಿಂತಿತು. ಲಾಳಿ ಓಡಿತು. ಹಾಡು ಬರಲಿಲ್ಲ.

ಹಾಡಿಲ್ಲದ ಆ ಸದ್ದಿನ ನಡುವೆ ಒಳಕೋಣೆಯಿಂದ ಇನ್ನೊಂದು ಸದ್ದು ಕೇಳುತ್ತಿತ್ತು. ಪ್ಲಾಸ್ಟರಿನ ಮೇಲೆ ನೈಲಾನ್ ಹಗ್ಗ ಸರಿಯುವ ಸದ್ದು. ಸ್ವಲ್ಪ ಹೊತ್ತು ಸುಮ್ಮನೆ. ಮತ್ತೆ ಅದೇ ಸದ್ದು.

ಕಸ್ತೂರಿ ತಿರುಗಿ ನೋಡಲಿಲ್ಲ. ಕಾಕಾ ಗಂಟು ಹಾಕಿ, ಅಲುಗಾಡಿಸಿ, ಬಿಚ್ಚಿದರೆ ಮತ್ತೆ ಹಾಕುತ್ತಿದ್ದಾನೆಂದು ಅವಳಿಗೆ ಗೊತ್ತಿತ್ತು.